ಅರಿಶಿನವಿಲ್ಲದ ಸಾರು

ಮದುವೆಮನೆಗಳಲ್ಲಿ ಪಂಕಜಾ ಮೇಡಂ ಪಕ್ಕದ ಎಲೆಗೆ ಕೂರಲು ನಾನು ಹೆದರುತ್ತಿದ್ದೆ. ಕೂತರೆ ಊಟ ಮುಂದಕ್ಕೆ ಸಾಗುವುದಿಲ್ಲ. ಅವರ ಕೈಚೀಲದಲ್ಲಿ ಬೆರಳುದ್ದದ ಒಂದು ನೇರಳೆ ಟಾರ್ಚ್ ಇರುತ್ತಿತ್ತು. ಖೋಟಾ ನೋಟು ಹಿಡಿಯಲು ಅಂಗಡಿಯವರು ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಪಾಯಸ ಬಡಿಸುವವನು ಬಂದು ನಿಂತಿದ್ದರೂ ಲೆಕ್ಕಿಸದೆ ರೇಷ್ಮೆ ಸೀರೆಯ ಸೆರಗನ್ನು ಎಲೆಯ ಮೇಲೆ ಗುಡಾರದಂತೆ ಹಿಡಿದು, ಒಳಗೆ ಟಾರ್ಚ್ ಬಿಟ್ಟು, "ಬಗ್ಗಿ ನೋಡೇ ಸುಮಾ, ಬಾಳೆಹಣ್ಣಿನ ಸಿಪ್ಪೆ ಹೇಗೆ ನೀಲಿಯಾಗಿದೆ!" ಎನ್ನುತ್ತಿದ್ದರು. ಒಮ್ಮೆ ಆ ಬೆಳಕನ್ನು ಎದುರು ಪಂಕ್ತಿಗೆ ತಿರುಗಿಸಿ, "ಹುಡುಗಿ ತಂದೆ ಪಂಚೆ ನೋಡು, ಹೇಗೆ ಹೊಳೀತಿದೆ! ಸೋಪಿನ ಪುಡಿ ಧಾರಾಳವಾಗಿ ಬಿದ್ದಿದೆ" ಎಂದರು. ಪಾಪ, ಆ ಮನುಷ್ಯ ಬೀಗರ ಮುಂದೆ ಪಂಚೆ ಸರಿಮಾಡಿಕೊಳ್ಳುವುದರಲ್ಲೇ ಊಟ ಮುಗಿಸಿದರು.

ಮೇಡಂ ಬಸವನಗುಡಿಯ ಒಂದು ಹಳೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ನಾನು ಅವರ ಕೈಕೆಳಗೆ ಪಿಎಚ್‌.ಡಿ. ಮಾಡಿದವಳು. ಈಗ ನಾನೂ ಅದೇ ಪಾಠ ಹೇಳಿ ಅನ್ನ ತಿನ್ನುತ್ತಿದ್ದೇನೆ. ಅವರ ಮನೆ ಮಲ್ಲೇಶ್ವರದಲ್ಲಿ. ಗಂಡ ಮೂರ್ತಿಗಳು ವಿಮಾ ಕಚೇರಿಯಿಂದ ನಿವೃತ್ತರಾದವರು. ಬಹಳ ಮೆತ್ತಗಿನ, ಆದರೆ ಒಂದೇ ಮಾತಿನಲ್ಲಿ ಚಿವುಟುವ ಮನುಷ್ಯ. ಮೇಡಂ ದಿನವೂ ಮಲ್ಲೇಶ್ವರದಿಂದ ಬಸವನಗುಡಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಕೈಚೀಲದಲ್ಲಿ ಟಾರ್ಚಿನ ಜೊತೆ ಖಾಲಿ ಸೀಸೆಗಳು. ಪಕ್ಕದಲ್ಲಿ ಕೂತವರ ಮನೆ ಎಲ್ಲಿ, ಬೋರ್‌ವೆಲ್ಲೋ ಕಾವೇರಿ ನೀರೋ, ನಲ್ಲಿಯ ಪೈಪು ಯಾವ ಕಾಲದ್ದು ಎಂದು ವಿಚಾರಿಸಿ, ಇಳಿಯುವಷ್ಟರಲ್ಲಿ ಅವರ ಕೈಗೊಂದು ಸೀಸೆ ತುರುಕಿರುತ್ತಿದ್ದರು. "ನಾಳೆ ಇದೇ ಬಸ್ಸಲ್ಲಿ ಕೊಡಿ, ಮರೀಬೇಡಿ." ಆಶ್ಚರ್ಯವೆಂದರೆ ಜನ ತಂದುಕೊಡುತ್ತಿದ್ದರು. ಮೆಟ್ರೋ ಬಂದ ಮೇಲೆ ಮೂರ್ತಿಗಳ ಬಲವಂತಕ್ಕೆ ಅದನ್ನು ಹತ್ತಿದರು, ಸುಖಪಡಲಿಲ್ಲ. "ಅಲ್ಲಿ ಎಲ್ಲರೂ ಫೋನಿಗೆ ಅಂಟ್ಕೊಂಡಿರ್ತಾರೆ ಕಣೇ. ಬಸ್ಸಲ್ಲಾಗಿದ್ರೆ ಇಷ್ಟೊತ್ತಿಗೆ ಇಬ್ಬರ ಮನೆ ನೀರು ಸಿಕ್ಕಿರೋದು" ಎಂದು ನನ್ನ ಹತ್ತಿರ ದೂರಿ, ಕೆಲವೇ ದಿನಗಳಲ್ಲಿ ಬಸ್ಸಿಗೇ ವಾಪಸಾದರು.

ನೀರಿನಲ್ಲಿರುವ ಸೀಸ, ಪಾದರಸದಂಥ ವಿಷಲೋಹಗಳನ್ನು ಬೆಳಕಿನಿಂದ ಹಿಡಿಯುವುದು ಅವರ ಜೀವಮಾನದ ಹುಚ್ಚು. "ಸೀಸ ನೀರಲ್ಲಿ ಕರಗಿದ್ರೆ ಕಣ್ಣಿಗೆ ಕಾಣಲ್ಲ, ಮೂಗಿಗೆ ಬಡಿಯಲ್ಲ, ನಾಲಿಗೆಗೂ ಗೊತ್ತಾಗಲ್ಲ. ಮನೆಯೊಳಗೆ ಇಂಥ ಕಳ್ಳ ಕೂತಿದ್ರೆ, ದೊಡ್ಡ ಮೆಷೀನಿನ ಮುಂದೆ ಕ್ಯೂ ನಿಂತು ಕಂಡುಹಿಡೀಬೇಕಾ? ಅಡುಗೆಮನೇಲೇ ಹಿಡಿಯೋ ಹಾಗಿರ್ಬೇಕು" ಎನ್ನುತ್ತಿದ್ದರು. ಅದಕ್ಕಾಗಿ ಅವರು ಮಾಡುತ್ತಿದ್ದ ಕಾರ್ಬನ್ ಡಾಟ್‌ಗಳ ಪಾಕವೂ ಅಡುಗೆಮನೆಯದೇ. ಗಾಂಧಿಬಜಾರಿನಲ್ಲಿ ಕೊತ್ತಂಬರಿ ಸೊಪ್ಪಿನ ಕಡ್ಡಿ ಆರಿಸಿ, ಅದರ ಜೊತೆ ನಿಂಬೆರಸ ಹಾಕಿ, ಬಿಗಿಮುಚ್ಚಳದ ಉಕ್ಕಿನ ಡಬ್ಬಿಯಲ್ಲಿಟ್ಟು ಓವನ್ನಿನಲ್ಲಿ ಗಂಟೆಗಟ್ಟಲೆ ಬೇಯಿಸುವುದು. ತೆಗೆದು ಸೋಸಿದರೆ ತೆಳು ಕಷಾಯದಂಥ ನೀರು. ಅದರಲ್ಲಿರುವ ಇಂಗಾಲದ ಕಣಗಳು ಎಷ್ಟು ಚಿಕ್ಕವೆಂದರೆ ಒಂದು ಕೂದಲೆಳೆಯ ಅಗಲದಲ್ಲಿ ಸಾವಿರಾರು ಸಾಲಾಗಿ ನಿಲ್ಲಬಹುದು. ನೇರಳೆ ಟಾರ್ಚ್ ಬಿಟ್ಟರೆ ಆ ಕಷಾಯ ನೀಲಿಯಾಗಿ ಬೆಳಗುತ್ತದೆ. ಸೀಸ ತಾಗಿದರೆ ಆರಿಹೋಗುತ್ತದೆ. ಮೇಡಂ ಅವನ್ನು ಮಿಂಚುಹುಳ ಎಂದೇ ಕರೆಯುತ್ತಿದ್ದರು.

ಕೇಳಲು ಸುಲಭ. ಆದರೆ ತಾಮ್ರ ತಾಗಿದರೂ ಅದು ಆರುತ್ತದೆ, ಪೈಪಿನ ತುಕ್ಕು ತಾಗಿದರೂ ಆರುತ್ತದೆ. ಮಿಂಚುಹುಳದ ಮೈಗೆ ಏನೇನೋ ಅಂಟಿಸಿ, ಅದು ಸೀಸಕ್ಕೆ ಮಾತ್ರ ಸೋಲುವಂತೆ ಪಳಗಿಸುವುದರಲ್ಲಿ ನನ್ನ ಯೌವನದ ಒಳ್ಳೆಯ ಭಾಗ ಕಳೆಯಿತು. ನಾನು ಸಂಭ್ರಮದಿಂದ "ಮೇಡಂ, ಆರ್ತು!" ಎಂದು ಓಡಿಹೋದಾಗಲೆಲ್ಲ ಅವರು ಕಾಫಿ ಲೋಟದಿಂದ ತಲೆ ಎತ್ತದೆ ಒಂದೇ ಮಾತು ಹೇಳುತ್ತಿದ್ದರು: "ದೀಪ ಆರ್ತು ಅಂದ್ರೆ ಸಾಲದು. ಊದಿದ್ದು ಯಾರು ಅಂತ ಕೇಳು." ಎಷ್ಟೋ ಸಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ನನ್ನ ವಿದ್ಯಾರ್ಥಿಗಳಿಗೆ ಅದನ್ನೇ ಹೇಳುತ್ತೇನೆ. ಅವರ ಮೈ ಉರಿಯುವುದನ್ನು ನೋಡಿ ಖುಷಿಯಾಗುತ್ತದೆ.

ನೀರು ಆಯಿತು, ಇನ್ನು ಜೀವದೊಳಗೆ ಸೀಸ ಎಲ್ಲಿ ಕೂರುತ್ತದೆ ನೋಡಬೇಕು ಎಂದು ಮೇಡಂಗೆ ಹೊಳೆದದ್ದೇ ತಡ, ಮೀನು ಬೇಕಾಯಿತು. ಈರುಳ್ಳಿಯನ್ನೂ ವಾರದ ದಿನ ನೋಡಿ ತಿನ್ನುವ ಮನೆಯವರು ಅವರು. ಹಣೆಗೆ ಕುಂಕುಮ, ಮುಡಿಗೆ ಮಲ್ಲಿಗೆ, ಇಸ್ತ್ರಿ ಮಾಡಿದ ಹತ್ತಿ ಸೀರೆಯಲ್ಲಿ ಚಾಮರಾಜಪೇಟೆ ಕಡೆಯ ಒಂದು ಮೀನಿನ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅಂಗಡಿಯವನು ಇವರನ್ನು ನೋಡಿ ದೇವಸ್ಥಾನದ ದಾರಿ ತಪ್ಪಿ ಬಂದಿದ್ದಾರೆ ಅಂದುಕೊಂಡಿರಬೇಕು.

"ಏನ್ ಬೇಕಮ್ಮಾ?"

"ಕೆರೆ ಮೀನು ಇದೆಯೇನಪ್ಪಾ?"

"ಇದೆ. ಫ್ರೈಗಾ ಸಾರಿಗಾ? ಹೇಗೆ ಕಟ್ ಮಾಡ್ಲಿ?"

"ಎರಡಕ್ಕೂ ಅಲ್ಲ. ನಂಗೆ ಲಿವರು, ಕಿವಿರು ಸಾಕು. ಮಿಕ್ಕಿದ್ದು ನೀನೇ ಇಟ್ಕೋ."

ಅವನು ಕತ್ತಿ ಕೆಳಗಿಟ್ಟು ನಕ್ಕೇ ನಕ್ಕ. "ಜನ ಬಿಸಾಕೋದನ್ನ ತಗೊಂಡು ತಿನ್ನೋದನ್ನ ಬಿಟ್ಟು ಹೋಗ್ತೀರಲ್ಲಮ್ಮಾ!" ಅಂದಿನಿಂದ ಅವನು ಮೇಡಂಗಾಗಿ ಐಸಿನ ಪೊಟ್ಟಣ ಎತ್ತಿಡತೊಡಗಿದ. ಮಲ್ಲೇಶ್ವರದ ಮನೆಯಲ್ಲಿ ಮಾತ್ರ ಮೂರ್ತಿಗಳು ಗೇಟಿನ ಸದ್ದಾದೊಡನೆ ಒಳಗಿನಿಂದಲೇ "ಮೊದಲು ಸ್ನಾನ" ಎಂದು ಕೂಗುತ್ತಿದ್ದರಂತೆ.

ಆ ಮೀನಿನ ಪಿತ್ತಜನಕಾಂಗವನ್ನು ತೆಳ್ಳಗೆ ಸೀಳಿ, ಮಿಂಚುಹುಳದ ನೀರಿನಲ್ಲಿ ನೆನೆಸಿ ಮೈಕ್ರೋಸ್ಕೋಪಿನ ಕೆಳಗಿಟ್ಟಾಗ ನೀಲಿಯ ನಡುವೆ ಅಲ್ಲಲ್ಲಿ ಕಪ್ಪು ಮಚ್ಚೆಗಳು ಕಂಡವು. ಮೇಡಂ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ನಾವೆಲ್ಲ ಚೆಲ್ಲಿದ್ದು ಇದರ ಹೊಟ್ಟೇಲಿದೆ ನೋಡೇ" ಎಂದರು. ನಾನು ಕೂಡಲೇ, ಇದನ್ನೇ ಮನುಷ್ಯರ ರಕ್ತಕ್ಕೂ ಮಾಡಬಹುದಲ್ಲ ಎಂದೆ. "ಮೀನು ಹೇಳಿದ್ದು ಮೀನಿಗೆ. ಮನುಷ್ಯರ ಬಗ್ಗೆ ನಾವಿನ್ನೂ ಬಾಯಿ ಬಿಡೋ ಹಾಗಿಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದರು.

ನಾನು ಚೊಚ್ಚಲ ಬಸುರಿಯಾದದ್ದು ಆ ಹೊತ್ತಿಗೆ. ಮೂರು ಹೊತ್ತೂ ವಾಂತಿ. ಕಾಲೇಜಿಗೆ ಹತ್ತಿರವೆಂದು ಎನ್.ಆರ್. ಕಾಲೋನಿಯ ತವರುಮನೆಗೆ ಬಂದು ಉಳಿದೆ. ಅಮ್ಮ, ರುಕ್ಮಿಣಮ್ಮ, ಮಾಡುತ್ತಿದ್ದ ಬೇಳೆಸಾರನ್ನ ಒಂದು ಬಿಟ್ಟು ಬೇರೇನೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆಯೂ ಸಾರು, ರಾತ್ರಿಯೂ ಸಾರು; ನಡುವೆ ಲೋಟದಲ್ಲಿ ಕುಡಿಯಲೂ ಸಾರು.

ಆ ಸಾರಿನ ಪಾತ್ರೆಯ ವಿಷಯ ಹೇಳಬೇಕು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಸಾರಿಗೆಂದೇ ಒಂದು ತವರದ ಪಾತ್ರೆ ಇರುತ್ತದೆ. ಈಯದ ಚೊಂಬು ಎನ್ನುತ್ತಾರೆ. ಬರಿದಾಗಿ ಒಲೆಯ ಮೇಲಿಟ್ಟರೆ ಮೇಣದಂತೆ ಕರಗಿಹೋಗುತ್ತದೆ. ಮೊದಲು ಹುಣಿಸೆನೀರು ಹೊಯ್ದು ಆಮೇಲೆ ಒಲೆ ಹಚ್ಚಬೇಕು. ನಮ್ಮ ಅಜ್ಜಿಯ ಕಾಲದ ಚೊಂಬು ಅಮ್ಮ ಫೋನಿನಲ್ಲಿ ಮಾತಾಡುತ್ತಿದ್ದಾಗ ಒಲೆಯ ಮೇಲೆ ಹಾಗೇ ಮುದ್ದೆಯಾಗಿ ಹೋಗಿತ್ತು. ಅಮ್ಮ ವಾರಗಟ್ಟಲೆ ಕೊರಗಿ, ಪೇಟೆಯ ಯಾವುದೋ ಅಂಗಡಿಯಿಂದ ಹೊಳೆಯುವ ಹೊಸದೊಂದನ್ನು ತಂದಿದ್ದಳು. ಅದರಲ್ಲಿ ಸಾರು ಮಾಡುವ ಹೊತ್ತಿಗೆ ಯಾರಾದರೂ ಮನೆಗೆ ಬಂದರೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮೇಡಂ ಆ ದಿನಗಳಲ್ಲಿ ಇದೇ ಪಾತ್ರೆಗಳ ಹಿಂದೆ ಬಿದ್ದಿದ್ದರು. ತವರದ ಹೆಸರಿನಲ್ಲಿ ಸೀಸ ಬೆರೆಸಿ ಮಾರುವವರಿದ್ದಾರೆ, ನೋಡಲು ಎರಡೂ ಒಂದೇ, ಹುಣಿಸೆಯ ಹುಳಿ ಸೀಸವನ್ನು ಮೆಲ್ಲಗೆ ಸಾರಿಗೆ ಇಳಿಸುತ್ತದೆ. ಮಿಂಚುಹುಳದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳನ್ನು ಅವರು ಮಾಡಿದ್ದರು. ಸಾರಿನ ತಿಳಿಯಲ್ಲಿ ಪಟ್ಟಿ ಅದ್ದಿ ಟಾರ್ಚ್ ಬಿಡುವುದು. ನೀಲಿ ಉಳಿದರೆ ಕ್ಷೇಮ, ಆರಿದರೆ ಸೀಸ. ತಮ್ಮ ತಾಯಿಯ ಕಾಲದ ಚೊಂಬಿನಲ್ಲಿ ತಾವೇ ಸಾರು ಮಾಡಿ ತಂದು, ಅದಕ್ಕೆ ಬೇಕೆಂದೇ ಸೀಸ ಬೆರೆಸಿ, ಬೆರೆಸದೆ, ಎಲ್ಲ ರೀತಿಯಲ್ಲೂ ಪರೀಕ್ಷಿಸಿ ಸೈ ಎಂದಿದ್ದರು. ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಇಂಗಿನ ಒಗ್ಗರಣೆ ಘಮಘಮಿಸುತ್ತಿತ್ತು.

ಒಂದು ಮಧ್ಯಾಹ್ನ ಬಸುರಿಯನ್ನು ನೋಡಲೆಂದು ಮೇಡಂ ಕರಿಗಡುಬು ಮಾಡಿಕೊಂಡು ನಮ್ಮ ಮನೆಗೆ ಬಂದರು. ಅಡುಗೆಮನೆಯ ಚೊಂಬು ಕಣ್ಣಿಗೆ ಬಿದ್ದ ಮೇಲೆ ಅವರ ಕೈ ಸುಮ್ಮನಿರಲುಂಟೆ? ಪಟ್ಟಿ ಅದ್ದಿದರು, ಸೆರಗಿನ ಗುಡಾರ ಹೂಡಿದರು, ಟಾರ್ಚ್ ಬಿಟ್ಟರು. ಪಟ್ಟಿ ಹೊಳೆಯಿತು. ನೀಲಿಗಿಂತ ತುಸು ಹಸಿರಾಗಿತ್ತು. "ಕಾಗದ ಒದ್ದೆಯಾಗಿದೆಯಲ್ಲ, ಅದಕ್ಕೆ" ಎಂದುಕೊಂಡು ಅಮ್ಮನ ಕಡೆ ತಿರುಗಿ, "ರುಕ್ಮಿಣಮ್ಮನೋರೇ, ಪಾತ್ರೆ ಚೆನ್ನಾಗಿದೆ. ಧಾರಾಳವಾಗಿ ಸಾರು ಮಾಡಿಹಾಕಿ" ಎಂದರು. ಅಮ್ಮ ಈ ಸರ್ಟಿಫಿಕೇಟನ್ನು ಬೀದಿಗೆಲ್ಲ ಹೇಳಿಕೊಂಡು ಬಂದಳು. ಪರಿಣಾಮ, ಅಕ್ಕಪಕ್ಕದವರೂ ಮೇಡಂ ಕೈಲಿ ಪಾತ್ರೆ ಪರೀಕ್ಷೆ ಮಾಡಿಸಿಕೊಂಡರು.

ಆಮೇಲಿನ ಶುಕ್ರವಾರ ಮೇಡಂ ಯಾರದೋ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿ, ಅಲ್ಲಿಂದ ಸೀದಾ ಲ್ಯಾಬಿಗೆ ಬಂದರು. ಟಾರ್ಚ್ ಹಚ್ಚಿ ಯಾವುದೋ ಸೀಸೆ ಎತ್ತಿದಾಗ ಅವರ ಬೆರಳುಗಳೇ ಹಸಿರು ಹಳದಿಯಾಗಿ ಬೆಳಗಿದವು. ನಮ್ಮ ಮನೆಯ ಪಟ್ಟಿಯಲ್ಲಿ ಕಂಡದ್ದು ಅದೇ ಬಣ್ಣ.

ಅರಿಶಿನ ಆ ಬೆಳಕಿಗೆ ಹೊಳೆಯುತ್ತದೆ ಎಂದು ನಮಗೆಲ್ಲ ಪಾಠ ಮಾಡಿದವರೇ ಮೇಡಂ. ಆದರೆ ಅವರ ಮನೆಯಲ್ಲಿ ಸಾರಿಗೆ ಅರಿಶಿನ ಹಾಕುವ ಪದ್ಧತಿಯೇ ಇಲ್ಲ. ಅವರ ತಾಯಿ ಹಾಕುತ್ತಿರಲಿಲ್ಲ, ಅತ್ತೆಯೂ ಹಾಕುತ್ತಿರಲಿಲ್ಲ, ಇವರೂ ಹಾಕಲಿಲ್ಲ. ಜಗತ್ತಿನ ಸಾರೆಲ್ಲ ತಮ್ಮ ಮನೆಯ ಸಾರಿನಂತೆಯೇ ಇರುತ್ತದೆ ಎಂದು ಒಬ್ಬ ದೊಡ್ಡ ವಿಜ್ಞಾನಿ ನಂಬಿಬಿಟ್ಟಿದ್ದರು! ನಮ್ಮಮ್ಮನಾದರೋ ಬೇಳೆ ಬೇಯಲು ಇಡುವಾಗಲೇ ಚಮಚ ತುಂಬ ಅರಿಶಿನ ಸುರಿಯುವವಳು. ಮಿಂಚುಹುಳ ಆರಿದ್ದರೂ ಕಾಗದಕ್ಕೆ ಹತ್ತಿದ ಅರಿಶಿನ ಅದರ ಜಾಗದಲ್ಲಿ ಕೂತು ಹೊಳೆದಿರಬಹುದು.

ಅವರು ಫೋನು ಮಾಡಲಿಲ್ಲ. ಆಟೋ ಹಿಡಿದು ಬಂದೇಬಿಟ್ಟರು. ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ, "ರುಕ್ಮಿಣಮ್ಮನೋರೇ, ಸಾರಿಗೆ ಅರಿಶಿನ ಹಾಕ್ತೀರಾ?" ಎಂದರು.

ಅಮ್ಮನಿಗೆ ಅವಮಾನವಾದಂತಾಯಿತು. "ಇದೇನ್ರೀ ಹೀಗೆ ಕೇಳ್ತೀರಾ? ಅರಿಶಿನ ಇಲ್ದಿದ್ರೆ ಅದು ಸಾರಾ? ಸೂತಕದ ಮನೆ ಅಡುಗೆ ಹಾಗಿರುತ್ತೆ."

"ಹಾಗಾದ್ರೆ ಅವತ್ತು ನಾನು ಹೇಳಿದ್ದು ತಪ್ಪು. ನಿಮ್ಮ ಪಾತ್ರೆ ಕ್ಷೇಮ ಅಂದೆನಲ್ಲ, ಅದು ನಂಗೊತ್ತಿಲ್ಲ. ತಪ್ಪು ನಂದೇ. ಈಗಲೇ ಇನ್ನೊಂದ್ಸಲ ನೋಡ್ಬೇಕು."

ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಸೀಸ ತಾಯಿಯಿಂದ ಮಗುವಿಗೆ ದಾಟುತ್ತದೆ, ಅದರ ಮಿದುಳಿಗೆ ಕೆಡುಕು ಮಾಡುತ್ತದೆ ಎಂದು ನಾನೇ ಎಷ್ಟು ಸಲ ಸೆಮಿನಾರುಗಳಲ್ಲಿ ಹೇಳಿದ್ದೆ. ಲೋಟಗಟ್ಟಲೆ ಕುಡಿದ ಸಾರನ್ನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ.

ಮೇಡಂ ಬೇಳೆ ಬೇಡ, ಪುಡಿ ಬೇಡ, ಏನೂ ಬೇಡವೆಂದು ಬರೀ ಹುಣಿಸೆನೀರನ್ನು ಎರಡು ಭಾಗ ಮಾಡಿ, ಒಂದನ್ನು ಚೊಂಬಿನಲ್ಲಿ, ಇನ್ನೊಂದನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿದರು. ಎರಡಕ್ಕೂ ಪಟ್ಟಿ ಅದ್ದಿದರು. ಈ ಸಲ ಗುಡಾರದೊಳಗೆ ನಾವು ಮೂವರು ಹೆಂಗಸರೂ ತಲೆ ತೂರಿಸಿದೆವು. ಸ್ಟೀಲಿನ ಪಟ್ಟಿ ನೀಲಿಯಾಗಿತ್ತು. ಚೊಂಬಿನದು ನಾವು ನೋಡುತ್ತಿದ್ದಂತೆ ಮಂಕಾಗುತ್ತಾ ಹೋಗಿ ಆರಿತು.

ಅಮ್ಮ ಸಿಡಿದಳು. "ನೀವು ಚೆನ್ನಾಗಿದೆ ಅಂದ್ಮೇಲೆ ದಿನಾ ಇನ್ನೂ ಎರಡು ಸೌಟು ಜಾಸ್ತಿ ಬಡಿಸಿದೀನಲ್ರೀ! ಇಷ್ಟು ಓದ್ಕೊಂಡು ಅರಿಶಿನ ಮರೆತ್ರಾ?"

"ಮರೆತೆ" ಎಂದರು ಮೇಡಂ. ಸಬೂಬು ಹೇಳಲಿಲ್ಲ. ತಮ್ಮ ಮನೆಯ ಪದ್ಧತಿಯ ಮಾತನ್ನೂ ಅಮ್ಮನೆದುರು ಎತ್ತಲಿಲ್ಲ. ಅದನ್ನು ಆಮೇಲೆ ನನಗೆ ಹೇಳಿದ್ದು. ನಾನು ಅಳುತ್ತಾ, "ಮೇಡಂ, ನನ್ನ ರಕ್ತ ತಗೊಂಡು ಲ್ಯಾಬಲ್ಲೇ ನೋಡೋಣ" ಎಂದಾಗ ಮಾತ್ರ ಅವರ ದನಿ ಗಡುಸಾಯಿತು. "ನನ್ನ ಮಿಂಚುಹುಳ ಓದಿರೋದು ಮೀನಿನ ಲಿವರ್ ಮಾತ್ರ. ನಿನ್ನ ಮೇಲೆ ಪ್ರಯೋಗ ಮಾಡಲ್ಲ. ಏಳು, ಆಸ್ಪತ್ರೆಗೆ ಹೋಗೋಣ."

ಆಸ್ಪತ್ರೆಯವರು ರಕ್ತ ತೆಗೆದುಕೊಂಡು ಫಲಿತಾಂಶಕ್ಕೆ ಕೆಲವು ದಿನ ಕಾಯಿರಿ ಎಂದರು. ಆ ಕೆಲವು ದಿನಗಳನ್ನು ಮೇಡಂ ಹೇಗೆ ಕಳೆದರೆಂದು ನನಗೆ ಆಮೇಲೆ ಬೀದಿಯವರೇ ಹೇಳಿದರು. ತಾವು ಪಟ್ಟಿ ಅದ್ದಿದ್ದ ಪ್ರತಿ ಮನೆಯ ಬಾಗಿಲಿಗೂ ಹೋಗಿ, "ನಾನು ಅವತ್ತು ತಪ್ಪು ಹೇಳಿದೆ, ಇನ್ನೊಂದ್ಸಲ ನೋಡೋಕೆ ಬಿಡ್ತೀರಾ" ಎಂದು ಕೇಳಿದರಂತೆ. ಕೆಲವರು ನಕ್ಕರು. ಒಬ್ಬಾಕೆ, ಪ್ರೊಫೆಸರಾದವರು ಹೀಗೆ ಮಾತು ಬದಲಾಯಿಸಿದರೆ ಹೇಗೆ ಎಂದು ಮೂಗು ಮುರಿದಳು. ಮೇಡಂ ಅದನ್ನೂ ಕೇಳಿಸಿಕೊಂಡು, ಆಕೆಯ ಒಲೆಯ ಮೇಲೆಯೇ ಹುಣಿಸೆನೀರು ಕುದಿಸಿ, ಪಟ್ಟಿ ಅದ್ದಿ ನೋಡಿ ಬಂದರು. ಆ ಪಾತ್ರೆ ಶುದ್ಧವಾಗಿತ್ತು. ಸಂಜೆ ಹೊತ್ತಿಗೆ ಮತ್ತೆ ನಮ್ಮ ಮನೆ. ಅಮ್ಮ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಆದರೆ ಕಾಫಿ ಕೊಡುವುದನ್ನು ನಿಲ್ಲಿಸಲಿಲ್ಲ.

ವೈದ್ಯೆ ಕರೆದು ಹೇಳಿದ್ದು ಇಷ್ಟು: ಸೀಸ ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಿದೆ, ಆದರೆ ಬೇಗ ಗೊತ್ತಾಗಿದೆ, ಆ ಪಾತ್ರೆ ಬಿಡಿ, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ, ಮತ್ತೆ ನೋಡೋಣ. ಮುಂದಿನ ಪರೀಕ್ಷೆಯಲ್ಲಿ ಇಳಿದಿತ್ತು. ಅದರ ಮುಂದಿನದರಲ್ಲಿ ಇನ್ನೂ ಇಳಿದಿತ್ತು. ಆ ಕಾಗದ ನೋಡಿದ ದಿನ ಮೇಡಂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಗಳು ಅದಿತಿ ಗುಂಡಗೆ ಹುಟ್ಟಿದಳು. ಆಮೇಲಿನ ತಪಾಸಣೆಗಳಲ್ಲೂ ಯಾವ ತೊಂದರೆಯೂ ಕಾಣಲಿಲ್ಲ. ಈಗ ಶಾಲೆಯಲ್ಲಿ ಬಾಯಿ ಮುಚ್ಚುವುದಿಲ್ಲವೆಂಬ ಒಂದೇ ದೂರು.

ನಾಮಕರಣದ ದಿನ ಮೇಡಂ, ಮೂರ್ತಿಗಳು ಇಬ್ಬರೂ ಬಂದರು. ಮಗುವಿಗೆ ಬೆಳ್ಳಿ ಲೋಟ. ಅಮ್ಮನ ಕೈಗೆ ಹಳೆಯ ಟವಲಿನಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ಮೇಡಂ ತಾಯಿಯ ಚೊಂಬು. ಲ್ಯಾಬಿನಲ್ಲಿ ಅದೆಷ್ಟು ಸಲ ಪರೀಕ್ಷೆಗೊಳಗಾಗಿತ್ತೋ! ಬೆಂಗಳೂರಿನಲ್ಲಿ ಅದಕ್ಕಿಂತ ಶುದ್ಧವಾದ ಸಾರಿನ ಪಾತ್ರೆ ಇರಲಾರದು.

"ಇದ್ಯಾಕ್ರೀ? ನಿಮ್ಮ ತಾಯಿದು!" ಎಂದಳು ಅಮ್ಮ.

"ನಿಮ್ಮದನ್ನ ನಾನು ಲ್ಯಾಬಿಗೆ ತಗೊಂಡು ಹೋದೆನಲ್ಲ. ಅದರ ಬದಲಿಗೆ. ಇದರಲ್ಲಿ ಧೈರ್ಯವಾಗಿ ಅರಿಶಿನ ಹಾಕ್ಕೊಳಿ."

"ಹಾಗಾದ್ರೆ ನೀವು ಯಾವುದರಲ್ಲಿ ಮಾಡ್ತೀರಾ?"

ಮೂರ್ತಿಗಳು ಮೆಲ್ಲಗೆ ಹೇಳಿದರು: "ಸ್ಟೀಲಲ್ಲಿ. ರುಚಿ ಏನೂ ವ್ಯತ್ಯಾಸ ಇಲ್ಲ. ಮೊದಲೂ ಸುಮಾರಾಗೇ ಇರ್ತಿತ್ತು." ಅಮ್ಮ ಅಷ್ಟು ದಿನದ ಸಿಟ್ಟು ಮರೆತು ನಕ್ಕುಬಿಟ್ಟಳು.

ಅಲ್ಲಿಂದ ಮುಂದೆ ಅವರಿಬ್ಬರ ಸ್ನೇಹ ನನ್ನನ್ನು ದಾಟಿ ಬೆಳೆಯಿತು. ಕಾಲೇಜಿನಿಂದ ನಿವೃತ್ತರಾದ ಮೇಲೂ ಮೇಡಂ ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಅಮ್ಮನ ಕೈಯೂಟ ಮಾಡಿಹೋಗುತ್ತಿದ್ದರು. ಪ್ರತಿಸಲವೂ ಅದೇ ಆಟ. ಅಮ್ಮ ಸಾರು ಬಡಿಸುತ್ತಲೇ ಮೇಡಂ ಟಾರ್ಚ್ ಬಿಡುತ್ತಿದ್ದರು, ಸಾರು ಹಸಿರಾಗಿ ಮಿನುಗುತ್ತಿತ್ತು. "ರುಕ್ಮಿಣಮ್ಮ, ನಮ್ಮಮ್ಮನ ಪಾತ್ರೆಗೆ ಒಂದ್ಸಲನಾದ್ರೂ ಅರಿಶಿನ ಇಲ್ದಿರೋ ಸಾರು ತೋರ್ಸಿ." "ಈ ಮನೇಲಿ ನಾನಿರೋವರೆಗೆ ಆಗಲ್ಲ. ತಣ್ಣಗಾಗುತ್ತೆ, ಊಟ ಮಾಡಿ." ಕೊನೆಯ ಸಲ ಬಂದಾಗಲೂ ಇದೇ ಮಾತಾಯಿತು. ಹೊರಡುವಾಗ ಟಾರ್ಚನ್ನು ಅದಿತಿಯ ಕೈಯಲ್ಲಿಟ್ಟು, "ನಂಗೆ ಕಣ್ಣು ಮಂಜು ಕಣೇ ಪುಟ್ಟಿ, ಇನ್ಮೇಲೆ ನೀನು ನೋಡಿ ಹೇಳು" ಎಂದರು. ನಾನು ಬಸ್ ಸ್ಟಾಪಿನ ತನಕ ಹೋಗಿ ಬಿಟ್ಟುಬಂದೆ. ಬಸ್ಸಿನ ಕಿಟಕಿಯಲ್ಲಿ ಕಂಡಾಗ ಆಗಲೇ ಪಕ್ಕದವರ ಹತ್ತಿರ ಮಾತಿಗಿಳಿದಿದ್ದರು.

ಕಳೆದ ವರ್ಷ ಒಂದು ಮಧ್ಯಾಹ್ನ ಮೇಡಂ ಊಟ ಮುಗಿಸಿ ಮಲಗಿದವರು ಏಳಲಿಲ್ಲ. ವೈಕುಂಠ ಸಮಾರಾಧನೆ ಕಳೆದ ಮೇಲೆ ಅಮ್ಮ ಚೊಂಬನ್ನು ಅದೇ ಟವಲಿನಲ್ಲಿ ಸುತ್ತಿಕೊಂಡು ಮಲ್ಲೇಶ್ವರಕ್ಕೆ ಹೋದಳು, ಹಿಂದಿರುಗಿಸಲು. ಮೂರ್ತಿಗಳು ಗಂಟನ್ನು ಮುಟ್ಟಿ ನೋಡಿ, "ಕೊಟ್ಟಿದ್ದು ಅವಳು. ನಾನ್ಯಾಕೆ ವಾಪಸ್ ತಗೊಳ್ಳಲಿ?" ಎಂದು ಕಳಿಸಿದರು.

ಮನೆಗೆ ಬಂದವಳೇ ಅಮ್ಮ ಅಡುಗೆಮನೆಗೆ ಹೋಗಿ ಬೇಳೆ ಇಟ್ಟಳು. ಚೊಂಬಿಗೆ ಹುಣಿಸೆನೀರು ಹೊಯ್ದು ಒಲೆ ಹಚ್ಚಿದಳು. ನಾವು ಊಟಕ್ಕೆ ಕೂತಾಗ ಅದಿತಿ ಎಂದಿನಂತೆ ತಟ್ಟೆಯ ಮೇಲೆ ಟಾರ್ಚ್ ಬಿಟ್ಟು, ಮತ್ತೆ ಮತ್ತೆ ಬಗ್ಗಿ ನೋಡಿದಳು.

"ಅಜ್ಜೀ, ಹಸಿರು ಬರ್ತಿಲ್ಲ. ಅರಿಶಿನ ಹಾಕೋದು ಮರೆತ್ಯಾ?"

"ಮರೀಲಿಲ್ಲ" ಎಂದಳು ಅಮ್ಮ. ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, "ತಣ್ಣಗಾಗುತ್ತೆ, ಊಟ ಮಾಡಿ" ಎಂದು ಚೊಂಬಿನ ಮುಚ್ಚಳ ಹಾಕಿದಳು.